ಮಾರುವವನ ಮಾತು

ಸರಕು ಒಳ್ಳೆಯದಾಗಿದ್ದರೆ ಕೊಳ್ಳುವವರು ತಾವಾಗಿಯೇ ಅರಸಿಕೊಂಡು ಬರುತ್ತಾರೆ ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೇರೂರಿದೆ. ವಿದ್ಯಾವಂತರಲ್ಲಂತೂ ಮಾರುವ ಕೆಲಸವೆಂದರೆ ಒಂದು ಬಗೆಯ ಅಗೌರವ. ಮಗನು ಇಂಜಿನಿಯರನಾದನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆ, ಅವನು ಮಾರಾಟ ವಿಭಾಗದಲ್ಲಿದ್ದಾನೆಂದು ಹೇಳುವಾಗ ದನಿಯನ್ನು ತುಸು ತಗ್ಗಿಸುವುದುಂಟು. ಆದರೆ ಬೆಂಗಳೂರಿನ ಪೂರ್ವಭಾಗದ ಬದುಕು ಇಂದು ಬಹುಮಟ್ಟಿಗೆ ಈ ಕೆಲಸವನ್ನೇ ಆಶ್ರಯಿಸಿದೆ. ಮಹದೇವಪುರದಿಂದ ವೈಟ್‌ಫೀಲ್ಡಿನವರೆಗೆ ಎದ್ದು ನಿಂತಿರುವ ಗಾಜಿನ ಕಟ್ಟಡಗಳ ಒಳಗೆ ಪ್ರತಿದಿನವೂ ಒಬ್ಬನು ಎದ್ದು ನಿಂತು, ಹತ್ತು ಮಂದಿಯ ಮುಂದೆ ತನ್ನ ಸಂಸ್ಥೆಯ ಸರಕನ್ನೋ ಸೇವೆಯನ್ನೋ ವಿವರಿಸುತ್ತಿರುತ್ತಾನೆ. ಆ ಅರ್ಧ ಗಂಟೆಯ ಮಾತು ಫಲಿಸಿದರೆ ನೂರಾರು ಮನೆಗಳ ಒಲೆ ಉರಿಯುತ್ತದೆ. ಫಲಿಸದಿದ್ದರೆ ವರ್ಷಗಳ ಪರಿಶ್ರಮ ಕಡತದಲ್ಲಿಯೇ ಉಳಿಯುತ್ತದೆ.

ಹಿಂದೆ ಹೀಗಿರಲಿಲ್ಲ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಆರಂಭವಾದಾಗ ಅದರ ಉಪಕರಣಗಳನ್ನು ಕೊಳ್ಳುವವರು ಸರಕಾರದವರೇ. ಮನೆಗೆ ದೂರವಾಣಿ ಬೇಕೆನ್ನುವವರು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ಕೊಳ್ಳುವವನೇ ಸರದಿಯಲ್ಲಿ ನಿಂತಿರುವಾಗ ಮಾರುವವನು ಮಾತನ್ನೇಕೆ ಕಲಿತಾನು? 1991ರ ಆರ್ಥಿಕ ಸುಧಾರಣೆಗಳ ಬಳಿಕ ಸರದಿ ತಿರುವುಮುರುವಾಯಿತು. ಈಗ ಮಾರುವವರದೇ ಸಾಲು. ಕೊಳ್ಳುವವನು ಗಡಿಯಾರ ನೋಡುತ್ತ ಕುಳಿತಿರುತ್ತಾನೆ. ಈ ಬದಲಾವಣೆಯನ್ನು ನಮ್ಮ ಶಾಲೆಗಳ ಪಾಠಕ್ರಮ ಇನ್ನೂ ಸರಿಯಾಗಿ ಮನಗಂಡಂತಿಲ್ಲ. ಪ್ರಬಂಧ ಬರೆಯುವುದನ್ನು ಕಲಿಸುತ್ತೇವೆ, ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯನ್ನು ಸೋಲಿಸುವುದನ್ನೂ ಕಲಿಸುತ್ತೇವೆ. ಎದುರಿಗೆ ಕುಳಿತವನನ್ನು ಸೋಲಿಸದೆ ಒಪ್ಪಿಸುವ ವಿದ್ಯೆ ಮಾತ್ರ ಪಠ್ಯದ ಹೊರಗೇ ಉಳಿದಿದೆ.

ಹಾಗೆಂದು ಈ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ದನಗಳ ಜಾತ್ರೆಯಲ್ಲಿ ಹೋರಿ ಮಾರುವ ರೈತ ಅದರ ಗುಣಗಾನ ಮಾಡುತ್ತ ಕೂರುವುದಿಲ್ಲ. ನಾಲ್ಕು ಹೆಜ್ಜೆ ನಡೆಸಿ ತೋರಿಸುತ್ತಾನೆ, ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾನೆ. ಬೆಲೆಯ ಮಾತು ಬಂದಾಗ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯವಹಾರ ಕುದುರಿಸುತ್ತಾನೆ. ಚಿಕ್ಕಪೇಟೆಯ ಸೀರೆಯ ಅಂಗಡಿಯಲ್ಲಿ ನುರಿತ ಗುಮಾಸ್ತನು ಸೀರೆಯನ್ನು ಮಡಿಕೆಯಲ್ಲಿಯೇ ತೋರಿಸುವುದಿಲ್ಲ. ಯಾವ ಸಮಾರಂಭಕ್ಕೆ, ಯಾರಿಗೆ ಎಂದು ಮೊದಲು ಕೇಳುತ್ತಾನೆ; ಆಮೇಲೆ ಸೆರಗನ್ನು ಬಿಡಿಸಿ ಹಾಸುತ್ತಾನೆ; ಕೊನೆಗೆ ಅದನ್ನು ಉಡುವವರ ಹೆಗಲ ಮೇಲೆಯೇ ಹಾಕಿ ಕನ್ನಡಿಯ ಕಡೆಗೆ ತಿರುಗಿಸುತ್ತಾನೆ. ಕೇಳುವುದು, ತೋರಿಸುವುದು, ಕೊಳ್ಳುವವರ ಬದುಕಿನೊಳಗೆ ಅದನ್ನು ಇಟ್ಟು ನೋಡುವುದು ಎಂಬ ಈ ಕ್ರಮದಲ್ಲಿಯೇ ಉತ್ತಮ ನಿರೂಪಣೆಯ ಬಹುಪಾಲು ಅಡಗಿದೆ.

ನ್ಯಾಯಶಾಸ್ತ್ರದವರು ಪರರಿಗೆ ಒಂದು ವಿಷಯವನ್ನು ಮನವರಿಕೆ ಮಾಡಿಕೊಡುವ ವಾಕ್ಯಕ್ಕೆ ಐದು ಅವಯವಗಳನ್ನು ಹೇಳಿದ್ದಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟದಲ್ಲಿಯೂ ಅಂತಹ ಹೊಗೆಯಿದೆ, ಆದುದರಿಂದ ಬೆಂಕಿಯಿದೆ. ತರ್ಕದ ತರಗತಿಯಲ್ಲಿ ಒಣಗಿದಂತೆ ಕಾಣುವ ಈ ಸೂತ್ರವು ಮಾರಾಟದ ಕೋಣೆಯಲ್ಲಿ ಆಶ್ಚರ್ಯಕರವಾಗಿ ಜೀವತಳೆಯುತ್ತದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಐನೂರು ವಿದ್ಯಾರ್ಥಿಗಳಿರುವ ಒಂದು ಪ್ರಸಾದನಿಲಯಕ್ಕೆ ಆವಿಯಿಂದ ಅಡುಗೆ ಮಾಡುವ ಸಲಕರಣೆಗಳನ್ನು ಮಾರಲು ಒಬ್ಬ ಯುವಕ ಬಂದಿದ್ದಾನೆ. ಎದುರಿಗೆ ಆಡಳಿತಾಧಿಕಾರಿಗಳು, ಕೋಶಾಧ್ಯಕ್ಷರು, ನಿಲಯಪಾಲಕರು, ಬಾಗಿಲ ಬಳಿ ಕೈಕಟ್ಟಿ ನಿಂತ ಹಿರಿಯ ಅಡುಗೆಯವರು. ಸಾಮಾನ್ಯವಾಗಿ ಯುವಕನು ಆರಂಭಿಸುವುದು ತನ್ನ ಸಂಸ್ಥೆಯ ಚರಿತ್ರೆಯಿಂದ: ಎಂದು ಸ್ಥಾಪಿತವಾಯಿತು, ಎಷ್ಟು ಶಾಖೆಗಳಿವೆ, ಯಾವ ಯಾವ ಪ್ರಶಸ್ತಿ ಬಂದಿದೆ. ಕೇಳುವವರಿಗೆ ಇದಾವುದರ ಗೊಡವೆಯೂ ಇಲ್ಲ. ಅವರ ಕಷ್ಟ ಬೇರೆ. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಿದರೂ ಪರೀಕ್ಷೆಯ ದಿನ ಉಪಾಹಾರ ತಡವಾಗುತ್ತದೆ. ಅಡುಗೆಮನೆಯ ಹೊಗೆಗೂ ಶಾಖಕ್ಕೂ ಹೆದರಿ ಆಳುಗಳು ನಿಲ್ಲುವುದಿಲ್ಲ. ಈ ಕಷ್ಟವನ್ನು ಮೊದಲೇ ಬಂದು ಕೇಳಿ ತಿಳಿದುಕೊಂಡವನು ತನ್ನ ಮೊದಲ ವಾಕ್ಯದಲ್ಲಿಯೇ ಪ್ರತಿಜ್ಞೆಯನ್ನು ಇಡಬಲ್ಲನು: ಐನೂರು ಮಂದಿಯ ಉಪಾಹಾರ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತದೆ. ಹೇತುವು ಆವಿಯ ಗುಣ. ಪಾತ್ರೆಯ ತಳ ಮಾತ್ರ ಕಾಯುವುದಿಲ್ಲ, ಎಲ್ಲ ಕಡೆಯಿಂದಲೂ ಶಾಖ ತಾಗುತ್ತದೆ, ತಳ ಹಿಡಿಯುವ ಭಯವಿಲ್ಲ. ಉದಾಹರಣೆಯೆಂದರೆ ಇಷ್ಟೇ ಜನರಿರುವ ಇನ್ನೊಂದು ನಿಲಯದ ಅಡುಗೆಮನೆ. ಸಾಧ್ಯವಾದರೆ ಕೊಳ್ಳುವವರನ್ನು ಅಲ್ಲಿಗೇ ಕರೆದೊಯ್ಯತಕ್ಕದ್ದು.

ಬಹಳ ಮಂದಿ ಎಡವುವುದು ನಾಲ್ಕನೆಯ ಅವಯವದಲ್ಲಿ. ಉಪನಯವೆಂದರೆ ಹತ್ತಿರಕ್ಕೆ ತರುವುದು. ಎಲ್ಲಿಯೋ ನಡೆದುದನ್ನು ಈ ಮನೆಯ ಹೊಸ್ತಿಲಿಗೆ ತರುವುದು. ಅಲ್ಲಿ ನಡೆದುದು ಇಲ್ಲಿಯೂ ನಡೆಯುತ್ತದೆಯೆ? ಇಲ್ಲಿಯ ನೀರಿನಲ್ಲಿ ಗಡಸು ಹೆಚ್ಚಿದ್ದರೆ ಬಾಯ್ಲರಿನಲ್ಲಿ ಸುಣ್ಣ ಕಟ್ಟುವುದಿಲ್ಲವೆ? ವಿದ್ಯುತ್ತು ಹೋದರೆ ಏನು ಗತಿ? ಇವನ್ನು ಕೊಳ್ಳುವವನು ಕೇಳುವ ಮೊದಲೇ ಎತ್ತಿ ಉತ್ತರಿಸುವವನು ಅರ್ಧ ಗೆದ್ದಂತೆಯೇ. ಉಪನಯವಿಲ್ಲದ ನಿರೂಪಣೆ ಮದುವೆಯ ಕರೆಯೋಲೆಯ ಮೇಲೆ ಹೆಸರು ಬರೆಯದೆ ಹಂಚಿದ ಹಾಗೆ; ಯಾರಿಗೂ ಅದು ತನಗಾಗಿ ಬಂದುದೆಂದು ಅನಿಸುವುದಿಲ್ಲ.

ಇನ್ನು ಬಾಗಿಲ ಬಳಿ ನಿಂತ ಅಡುಗೆಯವರ ಮಾತು. ಕೊಳ್ಳುವ ನಿರ್ಣಯಕ್ಕೆ ಸಹಿ ಹಾಕುವವರು ಅವರಲ್ಲ. ಆದರೆ ಮಾರುವವನು ಹೊರಟುಹೋದ ಮೇಲೆ ಆಡಳಿತಾಧಿಕಾರಿಗಳು, "ಏನಪ್ಪಾ, ನಿನಗೇನನ್ನಿಸಿತು?" ಎಂದು ಕೇಳುವುದು ಅವರನ್ನೇ. "ಬುದ್ಧೀ, ಇದೆಲ್ಲ ನಮ್ಮ ಕೈಗೆ ಒಗ್ಗೋದಿಲ್ಲ" ಎಂಬ ಒಂದು ಮಾತು ಬಂದರೆ ಮುಗಿಯಿತು. ಪ್ರತಿ ಕೋಣೆಯಲ್ಲಿಯೂ ಇಂತಹ ಒಬ್ಬರು ಇದ್ದೇ ಇರುತ್ತಾರೆ: ಕಚೇರಿಯಲ್ಲಾದರೆ ಹೊಸ ಯಂತ್ರವನ್ನು ನಿತ್ಯವೂ ಬಳಸಬೇಕಾದ ಗುಮಾಸ್ತ, ಕಾರ್ಖಾನೆಯಲ್ಲಾದರೆ ಪಾಳಿಯ ಮೇಸ್ತ್ರಿ. ಜಾಣನಾದ ಮಾರಾಟಗಾರ ಅವರನ್ನು ಕರೆದು ಕುಳ್ಳಿರಿಸುತ್ತಾನೆ; ಒಂದು ಕೊಪ್ಪರಿಗೆ ಅನ್ನವನ್ನು ಅವರ ಕೈಯಿಂದಲೇ ಮಾಡಿಸುತ್ತಾನೆ. ತನ್ನ ಕೈ ಆಡಿದ ಕೆಲಸವನ್ನು ಆಗದೆಂದು ಹೇಳುವವರು ವಿರಳ.

ತೋರಿಸುವುದರ ಬಲವನ್ನು ಅರಿಯಲು ಜಗತ್ತಿನ ಒಂದು ಪ್ರಸಿದ್ಧ ಪ್ರಸಂಗವನ್ನು ನೋಡಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೇಲೆತ್ತುವ ಯಂತ್ರಗಳಿದ್ದವು. ಆದರೆ ಹಗ್ಗ ಹರಿದರೆ ಸಾವು ಖಂಡಿತವೆಂದು ಜನ ಅದರಲ್ಲಿ ಏರಲು ಅಂಜುತ್ತಿದ್ದರು. ಎಲಿಷಾ ಓಟಿಸ್ ಎಂಬಾತನು ಹಗ್ಗ ಹರಿದೊಡನೆ ತಾನಾಗಿ ಕಚ್ಚಿಕೊಳ್ಳುವ ತಡೆಯನ್ನು ರಚಿಸಿದನು. ಕೊಳ್ಳುವವರು ಬಹಳ ಇರಲಿಲ್ಲ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಆತನು ಎತ್ತರದ ಮಣೆಯ ಮೇಲೆ ತಾನೇ ನಿಂತು, ನೆರೆದ ಜನರ ಕಣ್ಣೆದುರು ಹಗ್ಗವನ್ನು ಕಡಿಸಿದನು. ಮಣೆ ತುಸು ಜಾರಿ ನಿಂತುಬಿಟ್ಟಿತು. ಜನರ ಭಯ ಏನೆಂಬುದನ್ನು ಓಟಿಸ್ ಅರಿತಿದ್ದನು, ಆ ಭಯವನ್ನೇ ನಡುರಂಗಕ್ಕೆ ತಂದು ತನ್ನ ಜೀವವನ್ನು ಒತ್ತೆಯಿಟ್ಟನು. ಮಹದೇವಪುರದ ಹದಿನೈದು, ಇಪ್ಪತ್ತು ಅಂತಸ್ತಿನ ಮನೆಗಳಲ್ಲಿ ಹಾಲಿನ ಪೊಟ್ಟಣ ಹಿಡಿದು ಮೇಲೇರುವ ಗೃಹಿಣಿಗೆ ಆ ಹೆಸರು ಗೊತ್ತಿರಬೇಕಾಗಿಲ್ಲ. ಅವಳು ಹಗ್ಗದ ವಿಚಾರವನ್ನೇ ಮರೆತಿದ್ದಾಳೆ.

ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕಿಂತ ಸೊಗಸಾದ ನಿದರ್ಶನವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತು ಉಗ್ರಾಣಗಳಲ್ಲಿ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಭಟ್ಟಿ ಇಳಿಸುವ ಕೆಲಸ ಆರಂಭವಾಯಿತು. 1918ರಲ್ಲಿ ಆ ಎಣ್ಣೆಯಿಂದ ಸಾಬೂನು ತಯಾರಿಸುವ ಸರಕಾರಿ ಕಾರ್ಖಾನೆ ಹುಟ್ಟಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್. ಜಿ. ಶಾಸ್ತ್ರಿಗಳು ಸುಗಂಧದ ಹದವನ್ನು ಕಂಡುಹಿಡಿದರು. ಅವರ ಹಿರಿಮೆ ಅಷ್ಟಕ್ಕೇ ನಿಲ್ಲಲಿಲ್ಲ. ಅಂದಿನ ಸಾಬೂನುಗಳು ಸಾಮಾನ್ಯವಾಗಿ ಚೌಕಾಕಾರದವು. ಇದಕ್ಕೆ ಅಂಡಾಕಾರ ಕೊಡಲಾಯಿತು. ಒಡವೆಯಂಗಡಿಯವರು ಆಭರಣವನ್ನು ತೆಳುವಾದ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡುವಂತೆ ಸಾಬೂನನ್ನೂ ಸುತ್ತಿ, ಹೂವಿನ ಚಿತ್ತಾರದ ಪೆಟ್ಟಿಗೆಯಲ್ಲಿಡಲಾಯಿತು. ಸಿಂಹದ ದೇಹ, ಆನೆಯ ತಲೆಯ ಶರಭವು ಅದರ ಲಾಂಛನವಾಯಿತು. ಕರಾಚಿಯ ಬೀದಿಗಳಲ್ಲಿ ಈ ಸಾಬೂನಿನ ಪ್ರಚಾರಕ್ಕಾಗಿ ಒಂಟೆಗಳ ಮೆರವಣಿಗೆಯೇ ನಡೆಯಿತು.

ಇವೆಲ್ಲ ಬರಿಯ ಅಲಂಕಾರವೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಗಂಧದ ಪರಿಮಳವನ್ನು ಮಾತಿನಲ್ಲಿ ಹೇಳಲಾಗದು. ಆ ಪೆಟ್ಟಿಗೆಯನ್ನು ತೆರೆಯುವ ಕ್ರಿಯೆಯೇ ಹೇಳಬೇಕಾದುದನ್ನು ಹೇಳುತ್ತಿತ್ತು: ಒಳಗಿರುವುದು ಬೆಲೆಬಾಳುವ ವಸ್ತು. ಪೆಟ್ಟಿಗೆಯ ಮಾತನ್ನು ಒಳಗಿನ ಎಣ್ಣೆ ನಡೆಸಿಕೊಟ್ಟಿತು. ಒಳಗೆ ಕಳಪೆ ಸರಕಿದ್ದಿದ್ದರೆ ಅದೇ ಪೆಟ್ಟಿಗೆ ವಂಚನೆಯ ಸಾಕ್ಷಿಯಾಗುತ್ತಿತ್ತು. 1980ರಲ್ಲಿ ಕಾರ್ಖಾನೆಯು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯ ರೂಪ ತಾಳಿತು. ಶತಮಾನ ಕಳೆದರೂ ಆ ಅಂಡಾಕಾರವನ್ನು ಕಣ್ಣುಮುಚ್ಚಿ ಕೈಯಲ್ಲಿ ಹಿಡಿದವರೂ ಗುರುತಿಸಬಲ್ಲರು.

ನೆನಪಿನ ವಿಚಾರ ಇಲ್ಲಿಗೆ ತಾನಾಗಿ ಬಂದಿದೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಕಲಿತ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತದೆ. ಬಳಿಕ ಮರೆವಿನ ವೇಗ ತಗ್ಗುತ್ತದೆ. ಅರ್ಥವುಳ್ಳದ್ದು, ಒಂದಕ್ಕೊಂದು ಹೆಣೆದುಕೊಂಡದ್ದು ಇದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಕೊಳ್ಳುವವನಿಗೆ ಸಂಬಂಧವೇ ಇಲ್ಲದ ಅಂಕಿಗಳು ಅವನ ಪಾಲಿಗೆ ಅರ್ಥವಿಲ್ಲದ ಅಕ್ಷರಪುಂಜಗಳೇ. ಇನ್ನೊಂದು ಸಂಗತಿಯೂ ಉಂಟು. ನಿರ್ಣಯ ಕೈಗೊಳ್ಳುವವರೆಲ್ಲ ಆ ದಿನ ಕೋಣೆಯಲ್ಲಿರುವುದಿಲ್ಲ. ಕೇಳಿದವರು ಹೋಗಿ ಕೇಳದವರಿಗೆ ಹೇಳಬೇಕು. ಹೀಗೆ ಎರಡನೆಯ ಬಾಯಲ್ಲಿ ಹೋದಾಗಲೂ ಕೆಡದಂತಹ ಮಾತೇ ನಿಜವಾಗಿ ನೆನಪಿನ ಮಾತು. ಮೂವತ್ತು ಗುಣಗಳ ಪಟ್ಟಿಯನ್ನು ಯಾರೂ ಹೊತ್ತೊಯ್ಯಲಾರರು. "ಅಲ್ಲಿಯ ಅಡುಗೆಯವರೇ ನಮ್ಮೆದುರು ಮಾಡಿ ತೋರಿಸಿದರು" ಎಂಬ ಒಂದು ಸಂಗತಿಯನ್ನು ಯಾರಾದರೂ ಹೊತ್ತೊಯ್ಯುತ್ತಾರೆ. ಮಮ್ಮಟನು ಉಪದೇಶದ ಮೂರು ಬಗೆಗಳನ್ನು ಹೇಳುವಾಗ, ದೊರೆಯಂತೆ ಆಜ್ಞಾಪಿಸುವುದು, ಮಿತ್ರನಂತೆ ತಿಳಿಹೇಳುವುದು, ಕಾಂತೆಯಂತೆ ರಸದಿಂದ ಒಲಿಸುವುದು ಎಂದು ವಿಂಗಡಿಸಿದ್ದಾನೆ. ಮಾರುವವನಿಗೆ ಆಜ್ಞೆಯ ಅಧಿಕಾರವಿಲ್ಲ. ಮಿತ್ರನ ಬಿಚ್ಚುಮನಸ್ಸು, ಕಥೆಯ ರಸ ಎಂಬ ಎರಡೇ ದಾರಿಗಳು ಅವನಿಗೆ ಉಳಿದಿವೆ.

ಹೇಳುವವನು ಯಾರೆಂಬುದೂ ಹೇಳಿದ ಮಾತಿನಷ್ಟೇ ಮುಖ್ಯ. ಕನ್ನಡ ಕಾದಂಬರಿಯ ಪಿತಾಮಹರೆಂದು ಖ್ಯಾತರಾದ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942), ವೃತ್ತಿಯಿಂದ ಶಿಕ್ಷಕರಾಗಿದ್ದವರು. ಕನ್ನಡ ಓದುವವರೇ ಕಡಿಮೆಯಿದ್ದ ಕಾಲದಲ್ಲಿ ಅವರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ಆ ಹೊರೆಯೇ ಅವರ ಪೀಠಿಕೆ. ಬರೆದವನೇ ಬಿಸಿಲಲ್ಲಿ ಹೊತ್ತು ತಂದ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡದೆ ಕಳಿಸುವುದು ಯಾವ ಗೃಹಸ್ಥನಿಗೂ ಸುಲಭವಲ್ಲ. ಆದರೆ ಸಂಕೋಚಕ್ಕೆ ಕೊಂಡವನು ಒಂದೇ ಬಾರಿ ಕೊಳ್ಳುತ್ತಾನೆ. ಗಳಗನಾಥರ ಕಾದಂಬರಿಗಳಿಗೆ ಉತ್ತರ ಕರ್ನಾಟಕದಲ್ಲಿ ಒಂದು ಓದುಗವರ್ಗವೇ ಬೆಳೆದುದಕ್ಕೆ ಕಾರಣ ಗಂಟಿನೊಳಗಿನ ಕಥೆ. ಮಾರುವವನಿಗೆ ತನ್ನ ಸರಕಿನಲ್ಲಿ ಎಷ್ಟು ನಂಬಿಕೆಯಿದೆಯೆಂಬುದನ್ನು ಕೊಳ್ಳುವವನು ಕಣ್ಣಿನಿಂದಲೇ ಅಳೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಂದಿನ ಮಾರಾಟಗಾರನ ತಲೆಯ ಮೇಲೆ ಗಂಟಿಲ್ಲ, ಕೈಯಲ್ಲಿ ಲ್ಯಾಪ್‌ಟಾಪಿದೆ. 1987ರಲ್ಲಿ ಬಳಕೆಗೆ ಬಂದ ಪವರ್‌ಪಾಯಿಂಟ್ ಈಗ ಎಲ್ಲ ಕೋಣೆಗಳನ್ನೂ ಆಕ್ರಮಿಸಿದೆ. ಅದು ಉಪಯುಕ್ತ ಸಾಧನವೇ. ನಕ್ಷೆ, ಚಿತ್ರ, ಅಳತೆ ಇವನ್ನು ತೋರಿಸಲು ಅದಕ್ಕಿಂತ ಸುಲಭವಾದುದಿಲ್ಲ. ಕೆಡುಕು ಹುಟ್ಟುವುದು ಎರಡು ಕಡೆ. ಒಂದು, ಪರದೆಯ ಮೇಲಿರುವುದನ್ನೇ ಬೆನ್ನು ತಿರುಗಿಸಿ ಓದುವುದು. ಇದು ಶಿಕ್ಷಕರು ಕರಿಹಲಗೆಯ ಕಡೆಗೇ ಮುಖಮಾಡಿ ಪಾಠ ಹೇಳಿದಂತೆ. ಮತ್ತೊಂದು ಹೆಚ್ಚು ಘೋರವಾದುದು, ಮುಖ್ಯವಾದುದನ್ನು ಸಣ್ಣಕ್ಷರದಲ್ಲಿ ಹೂತಿಡುವುದು.

ಈ ಎರಡನೆಯದಕ್ಕೆ ತೆತ್ತ ಬೆಲೆಯನ್ನು ಭಾರತೀಯರು ಮರೆಯಲಾರರು. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರಿದಾಗ ಇಂಧನದ ತೊಟ್ಟಿಯಿಂದ ಕಳಚಿದ ನೊರೆಪದಾರ್ಥದ ತುಂಡೊಂದು ಎಡರೆಕ್ಕೆಗೆ ಬಡಿಯಿತು. ಅಪಾಯವೆಷ್ಟೆಂಬುದನ್ನು ಇಂಜಿನಿಯರುಗಳು ಅಧಿಕಾರಿಗಳಿಗೆ ಸ್ಲೈಡುಗಳ ಮೂಲಕ ವಿವರಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ತುಂಬುವಂತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಈ ಬಾರಿ ಬಡಿದುದು 1920 ಘನ ಅಂಗುಲದ್ದೆಂದು ಅಂದಾಜು. ಅಂದರೆ ಹಳೆಯ ಪರೀಕ್ಷೆಗಳು ಇಲ್ಲಿಗೆ ಅನ್ವಯಿಸುವುದೇ ಅನುಮಾನ. ಈ ಸಂಗತಿ ಇದ್ದುದು ಅದೇ ಪುಟದ ತಳದ ಸಾಲಿನಲ್ಲಿ. ಅಧಿಕಾರಿಗಳು ನಿಶ್ಚಿಂತರಾದರು. ಫೆಬ್ರವರಿ 1ರಂದು ನೌಕೆ ಮರಳುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಅಸುನೀಗಿದರು. ತಾಂತ್ರಿಕ ವರದಿಗಳ ಸ್ಥಾನವನ್ನು ಇಂತಹ ಸ್ಲೈಡುಗಳು ಆಕ್ರಮಿಸಿದುದನ್ನು ತನಿಖಾ ಮಂಡಲಿಯು ಅದೇ ವರ್ಷ ತನ್ನ ವರದಿಯಲ್ಲಿ ಸ್ಪಷ್ಟವಾಗಿ ಟೀಕಿಸಿತು. ಅಲ್ಲಿ ಯಾರೂ ಸರಕು ಮಾರುತ್ತಿರಲಿಲ್ಲ, ನಿಜ. ಆದರೆ ಕೇಳುವವರು ಏನನ್ನು ಕೇಳಬಯಸುತ್ತಾರೋ ಅದನ್ನು ತಲೆಬರಹದಲ್ಲಿ, ಏನನ್ನು ಕೇಳಬಯಸುವುದಿಲ್ಲವೋ ಅದನ್ನು ತಳದಲ್ಲಿ ಇಡುವ ಅಭ್ಯಾಸ ಮಾರಾಟದ ಕೋಣೆಯದೇ.

ಜೀವಕ್ಕೆ ಸಂಚಕಾರ ಬಾರದಿದ್ದರೂ ಈ ಅಭ್ಯಾಸದಿಂದ ಮನೆಗಳು ಹಾಳಾಗುವುದುಂಟು. ನಿವೃತ್ತರಾದ ಉಪಾಧ್ಯಾಯರೊಬ್ಬರಿಗೆ ಬಂದ ಗ್ರಾಚ್ಯುಯಿಟಿ ಹಣವನ್ನು ಬ್ಯಾಂಕಿನ ಠೇವಣಿಯೆಂಬ ಭಾವನೆ ಬರುವಂತೆ ವಿವರಿಸಿ ದೀರ್ಘಾವಧಿಯ ವಿಮೆಯಲ್ಲಿ ತೊಡಗಿಸಿದರೆ, ಆ ನಿರೂಪಣೆ ಎಷ್ಟೇ ಮೋಹಕವಾಗಿರಲಿ, ಅದನ್ನು ಕಲೆಯೆಂದು ಕರೆಯಲಾಗದು. ಕಾನೂನು ಇದನ್ನು ತಡವಾಗಿಯಾದರೂ ಗುರುತಿಸಿದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆಯು ದಾರಿತಪ್ಪಿಸುವ ಜಾಹೀರಾತುಗಳ ಮೇಲೆ ಕ್ರಮ ಕೈಗೊಳ್ಳಲು ಪ್ರತ್ಯೇಕ ಪ್ರಾಧಿಕಾರವನ್ನೇ ಏರ್ಪಡಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳಂತೆ, ಪಾಲಿಸಿಯ ಪತ್ರ ಕೈಸೇರಿದ ಮೂವತ್ತು ದಿನಗಳೊಳಗೆ ಅದನ್ನು ಓದಿ ನೋಡಿ ಬೇಡವೆಂದು ಹಿಂದಿರುಗಿಸುವ ಹಕ್ಕು ಕೊಂಡವರಿಗಿದೆ. ಇದನ್ನು ಮಾರುವವನು ತಾನೇ ಬಾಯಿಬಿಟ್ಟು ಹೇಳುತ್ತಾನೆಯೆ ಎಂದು ಗಮನಿಸಿದರೆ ಅವನ ಯೋಗ್ಯತೆ ತಿಳಿಯುತ್ತದೆ.

ತನ್ನ ಸರಕಿನ ಮಿತಿಯನ್ನು ಹೇಳಿಕೊಂಡರೆ ವ್ಯಾಪಾರ ಕೈತಪ್ಪುತ್ತದೆ ಎಂಬ ಅಂಜಿಕೆ ಹೊಸಬರಲ್ಲಿ ಸಹಜ. ಆದರೆ ಎದುರಿಗೆ ಕುಳಿತವರು ಮಿತಿಗಳನ್ನೇ ಹುಡುಕುತ್ತಿರುತ್ತಾರೆ. "ರೊಟ್ಟಿ, ದೋಸೆಗಳಿಗೆ ಈ ಸಲಕರಣೆ ಬಾರದು, ಅದಕ್ಕೆ ಹಂಚಿನ ಒಲೆಯನ್ನು ಇಟ್ಟುಕೊಳ್ಳಲೇಬೇಕು" ಎಂದು ಆ ಯುವಕನು ಮೊದಲೇ ಹೇಳಿದರೆ, ಅನ್ನ, ಸಾರು, ಇಡ್ಲಿಗಳ ವಿಷಯದಲ್ಲಿ ಅವನಾಡಿದ ಮಾತಿಗೆ ತೂಕ ಬರುತ್ತದೆ. ಗೊತ್ತಿಲ್ಲದ ಪ್ರಶ್ನೆಗೆ "ವಿಚಾರಿಸಿ ನಾಳೆ ಸಂಜೆಯೊಳಗೆ ತಿಳಿಸುತ್ತೇನೆ" ಎಂದು ಹೇಳಿ, ಹೇಳಿದಂತೆ ತಿಳಿಸುವುದೂ ನಿರೂಪಣೆಯ ಒಂದು ಭಾಗವೇ. ಬೆಲೆಯನ್ನು ಕೇಳಿದಾಗ ಸುತ್ತಿ ಬಳಸದೆ ಹೇಳಿ, ಬಳಿಕ ಸುಮ್ಮನಿರಲು ಕಲಿಯಬೇಕು. ಬೆಲೆ ಹೇಳಿದೊಡನೆ ಅದಕ್ಕೆ ಸಮರ್ಥನೆ ಕೊಡತೊಡಗುವವನು ತನಗೇ ಅದು ಹೆಚ್ಚೆನಿಸಿದೆಯೆಂದು ಸಾರಿಕೊಳ್ಳುತ್ತಾನೆ.

ಹೊರಡುವ ಮುನ್ನ ಒಂದೇ ಒಂದು ಹಾಳೆಯನ್ನು ಮೇಜಿನ ಮೇಲೆ ಬಿಟ್ಟುಹೋಗುವ ರೂಢಿ ಒಳ್ಳೆಯದು. ಬಣ್ಣಬಣ್ಣದ ಹೊತ್ತಗೆ ಬೇಡ. ಒಟ್ಟು ಬೆಲೆ ಎಷ್ಟು, ಅದರಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ, ಎಷ್ಟು ದಿನಗಳಲ್ಲಿ ಜೋಡಿಸಿಕೊಡಲಾಗುತ್ತದೆ, ಕೆಟ್ಟರೆ ಯಾರನ್ನು ಕರೆಯಬೇಕು, ಅವರು ಎಷ್ಟು ಹೊತ್ತಿಗೆ ಬರುತ್ತಾರೆ ಎಂಬಿಷ್ಟು, ಅಡುಗೆಯವರೂ ಓದಿಕೊಳ್ಳಬಹುದಾದ ಕನ್ನಡದಲ್ಲಿ, ಎಲ್ಲವೂ ಒಂದೇ ಗಾತ್ರದ ಅಕ್ಷರದಲ್ಲಿ ಇದ್ದರೆ ಸಾಕು.